ಮಲೆನಾಡಿನ ಸಂಘಗಳಿಗೆ ಅನುದಾನ: ಯಾರು ಕೊಡುತ್ತಾರೆ, ಯಾರಿಗೆ ಸಿಗುತ್ತದೆ

ಜುಲೈ ತಿಂಗಳ ಒಂದು ಸಂಜೆ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಹೋಬಳಿಯ ಒಂದು ಹಳ್ಳಿ. ಮೂರು ದಿನದಿಂದ ಕರೆಂಟಿಲ್ಲ. ಜಗುಲಿಯಲ್ಲಿ ಒಂದು ಮಹಿಳಾ ಸಂಘದ ಐವರ ಜೊತೆ ಕೂತು ಒಂದು ಟ್ರಸ್ಟಿನ ಅನುದಾನದ ಅರ್ಜಿ ತುಂಬಿಸುತ್ತಿದ್ದೆ. ಕಾಫಿ ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳಿಗೆ ಎರಡು ವರ್ಷದಿಂದ ಸಂಜೆ ಪಾಠ ನಡೆಸುತ್ತಿರುವ ಸಂಘ ಅದು. ಫಾರಂ ಇಂಗ್ಲಿಷಿನಲ್ಲಿತ್ತು, ಆನ್‌ಲೈನಿನಲ್ಲೇ ಸಲ್ಲಿಸಬೇಕಿತ್ತು. ಸಿಗ್ನಲ್ ಸಿಗಬೇಕಾದರೆ ಮಳೆಯಲ್ಲಿ ಕಾಫಿ ಕಣದ ತುದಿಯವರೆಗೆ ಹೋಗಬೇಕು. ಹಾಗಾಗಿ ಪ್ರಶ್ನೆಗಳನ್ನೆಲ್ಲ ಮೊದಲೇ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಹನ್ನೊಂದನೆಯ ಪ್ರಶ್ನೆಗೆ ಬಂದು ನಿಂತೆವು: ನಿಮ್ಮ ‘ಥಿಯರಿ ಆಫ್ ಚೇಂಜ್’ ಏನು, ಐನೂರು ಪದಗಳಲ್ಲಿ ವಿವರಿಸಿ.

“ಹಂಗಂದ್ರೇನಣ್ಣ?” ಅಂದರು ಸಂಘದ ಅಧ್ಯಕ್ಷೆ.

“ನೀವು ಮಾಡೋ ಕೆಲಸದಿಂದ ಏನು ಬದಲಾಗುತ್ತೆ, ಹೆಂಗೆ ಬದಲಾಗುತ್ತೆ ಅಂತ ಕೇಳಿದಾರೆ ಅಕ್ಕ.”

ಆಕೆ ಯೋಚಿಸಲು ಕೂರಲಿಲ್ಲ. “ಸಂಜೆ ಆರರ ಮ್ಯಾಲೆ ಮಕ್ಳು ರಸ್ತೆಗಿಳಿಯಂಗಿಲ್ಲ, ಆನೆ ಇರ್ತವೆ. ಪಾಠ ಊರೊಳಗೆ ಇಟ್ರೆ ಒಬ್ರೂ ಬರಲ್ಲ. ಅದ್ಕೇ ಲೈನ್ ತಾವೇ ಮಾಡ್ತೀವಿ. ಅಲ್ಲೇ ಮಾಡಿದ್ರೆ ಅವ್ವಂದಿರೂ ಬಂದು ಕೂತ್ಕತಾರೆ. ಅವ್ವ ಬಂದು ಕೂತ್ರೆ ಮಗ ಸ್ಕೂಲ್ ಬಿಡಲ್ಲ. ಅಷ್ಟೇಯ.”

ತೊಂದರೆ ಏನು, ದಾರಿ ಏನು, ಆ ದಾರಿ ಯಾಕೆ ಕೆಲಸ ಮಾಡುತ್ತದೆ ಎಂಬುದೆಲ್ಲ ಆ ನಾಲ್ಕು ಮಾತಿನಲ್ಲೇ ಬಂದಿತ್ತು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಐನೂರು ಪದಕ್ಕೆ ಎಳೆದು, ಜೀವ ತೆಗೆದು ಕಳಿಸಿದೆ. ಅಕ್ಟೋಬರಿನಲ್ಲಿ ಎರಡು ಸಾಲಿನ ಉತ್ತರ ಬಂತು: ಈ ಬಾರಿ ನಿಮ್ಮ ಪ್ರಸ್ತಾವನೆಗೆ ಬೆಂಬಲ ನೀಡಲು ಆಗುತ್ತಿಲ್ಲ. ಯಾಕೆ ಎಂದು ಅದರಲ್ಲಿ ಇರಲಿಲ್ಲ.

ಆ ಟ್ರಸ್ಟಿನ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಸಣ್ಣ ಸಂಘಗಳ ಅರ್ಜಿ ಬರೆದುಕೊಟ್ಟವನು ನಾನು. ಬೇರೆ ಕಡೆ ಎರಡು ಸಲ ಆಯ್ಕೆ ಸಮಿತಿಯಲ್ಲಿ ಕೂತು ಅಂಕ ಹಾಕಿದವನೂ ಹೌದು. ಮೇಜಿನ ಎರಡೂ ಬದಿಯಿಂದ ನೋಡಿದ ಮೇಲೆ ಒಂದೇ ಪ್ರಶ್ನೆ ಉಳಿದಿದೆ. ದಾನದ ಹಣವನ್ನು ಸ್ಪರ್ಧೆ ಇಟ್ಟು ಹಂಚುವ ಈ ಪದ್ಧತಿ ಒಳ್ಳೆಯ ಕೆಲಸವನ್ನು ಆರಿಸುತ್ತಿದೆಯೋ, ಒಳ್ಳೆಯ ಬರವಣಿಗೆಯನ್ನು ಆರಿಸುತ್ತಿದೆಯೋ?

ಸ್ಪರ್ಧೆಯೇ ತಪ್ಪು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಸ್ಪರ್ಧೆ ಇಲ್ಲದಿದ್ದಾಗ ಏನಿತ್ತು ಎಂದು ಈ ಸೀಮೆಯವರಿಗೆ ಗೊತ್ತು. ಶಾಸಕರ ಪತ್ರ, ದೊಡ್ಡ ತೋಟದವರ ಪರಿಚಯ, ನಮ್ಮ ಜನ ಎಂಬ ಲೆಕ್ಕ ಇವೇ ನಡೆಯುತ್ತಿದ್ದವು. ಯಾರು ಬೇಕಾದರೂ ಅರ್ಜಿ ಹಾಕಬಹುದು, ನಿಯಮ ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದ ಮೂವರು ಓದಿ ಅಂಕ ಹಾಕುತ್ತಾರೆ ಅನ್ನುವುದು ಅದಕ್ಕಿಂತ ನೂರು ಪಾಲು ಮೇಲು. ಲೈನ್ ಮನೆಯ ಮಕ್ಕಳಿಗೆ ಪಾಠ ಹೇಳುವ ಹೆಂಗಸರಿಗೆ ಯಾವ ಶಾಸಕರ ಪತ್ರ ಸಿಗುತ್ತಿತ್ತು? ಸ್ಪರ್ಧೆ ಬೇಕು. ಆದರೆ ಯಾವುದರಲ್ಲಿ ಸ್ಪರ್ಧೆ ಎಂಬುದನ್ನು ನೋಡಬೇಕು.

ಹಣ ಕೊಡುವಾಗ ಉದ್ದೇಶವನ್ನು ಬರೆದಿಡುವ ರೂಢಿ ಈ ನೆಲಕ್ಕೆ ಹೊಸದಲ್ಲ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯದು. ಅಂದು ಮಂಜರಾಬಾದ್ ಎಂದು ಕರೆಯುತ್ತಿದ್ದ ಇಂದಿನ ಸಕಲೇಶಪುರ ಸೀಮೆಯ ಶಾಸನಗಳೂ ಅದರಲ್ಲಿವೆ. ದತ್ತಿ ಶಾಸನಗಳ ಕ್ರಮ ನೋಡಿ: ಯಾರು ಕೊಟ್ಟರು, ಯಾರಿಗೆ, ಯಾವ ಕೆಲಸಕ್ಕೆ, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು, ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಏನಾಗಲಿ ಎಂಬುದರವರೆಗೆ. ಊರಿನ ನಡುವೆ, ಊರಿನ ಮಾತಿನಲ್ಲಿ ಕಲ್ಲು ನಿಲ್ಲುತ್ತಿತ್ತು. ದಾನ ಹೋದದ್ದು ಹೆಚ್ಚಾಗಿ ದೇವಸ್ಥಾನಕ್ಕೆ, ಬ್ರಾಹ್ಮಣರಿಗೆ, ಕೆರೆಗೆ. ಕೊಟ್ಟವನ ಇಷ್ಟವೇ ಆಯ್ಕೆ. ಅದನ್ನು ಮರಳಿ ತರಬೇಕೆಂದು ಯಾರೂ ಹೇಳುವುದಿಲ್ಲ. ಆದರೂ ಕೊಟ್ಟವರು, ಪಡೆದವರು, ನೋಡುವವರು ಮೂವರೂ ಓದಬಲ್ಲ ಭಾಷೆಯಲ್ಲಿ ಕರಾರು ಇರುತ್ತಿತ್ತು ಎಂಬುದು ಇಂದಿನ ಎಂಒಯು ಎಂಬ ಒಪ್ಪಂದಪತ್ರಗಳನ್ನು ನೋಡುವಾಗ ನೆನಪಾಗುತ್ತದೆ. ಆಮೇಲೆ ಬಂದದ್ದು ಪ್ಲಾಂಟರ್‌ಗಳ ಕಾಲ. ಸಕಲೇಶಪುರದ ಸರ್ಕಾರಿ ಆಸ್ಪತ್ರೆಯನ್ನು ಇವತ್ತಿಗೂ ಕ್ರಾಫರ್ಡ್ ಆಸ್ಪತ್ರೆ ಎಂದೇ ಕರೆಯುತ್ತೇವೆ. ಹೆಸರು ಆ ಕಾಲದ್ದು.

ಈಗಿನ ಹಣದ ಬಹುಪಾಲು ಬೇರೆ ಕಡೆಯಿಂದ ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ದೇಶದಾದ್ಯಂತ ಇದು 2022-23ರಲ್ಲಿ ಸುಮಾರು 30 ಸಾವಿರ ಕೋಟಿ ರೂಪಾಯಿ. ಕಂಪನಿ ತಾನು ಇರುವ ಸ್ಥಳಕ್ಕೆ ಆದ್ಯತೆ ಕೊಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕಾರ್ಖಾನೆ ಇರುವ ಊರಿಗೆ ಅದು ನ್ಯಾಯ. ಆದರೆ ಹೆತ್ತೂರಿನಲ್ಲಿ, ಹಾನುಬಾಳಿನಲ್ಲಿ, ಯಸಳೂರಿನಲ್ಲಿ ಯಾವ ಕಾರ್ಖಾನೆ ಇದೆ? ಇಲ್ಲಿ ಬೆಳೆದ ಕಾಫಿ ಹೊರಗೆ ಹೋಗಿ ಲಾಭವಾಗುತ್ತದೆ, ಲಾಭದ ಲೆಕ್ಕ ಬೇರೆ ಊರಿನ ಕಚೇರಿಯಲ್ಲಿ ಇರುತ್ತದೆ, ಆ ಎರಡು ಪರ್ಸೆಂಟ್ ಕೂಡ ಅಲ್ಲೇ ಸುತ್ತುತ್ತದೆ.

ಅರ್ಜಿ ಹಾಕುವ ಮೊದಲೇ ದಾಟಬೇಕಾದ ಬಾಗಿಲುಗಳಿವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ನೋಂದಣಿ ಮಾಡಿಸಬೇಕು. ಅಲ್ಲಿಂದ ವರ್ಷಾವರ್ಷ ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕವನ್ನು ಹಾಸನದ ಕಚೇರಿಗೆ ಒಪ್ಪಿಸಬೇಕು. ಆಮೇಲೆ ಆದಾಯ ತೆರಿಗೆಯ 12ಎ, 80ಜಿ, ನೀತಿ ಆಯೋಗದ ದರ್ಪಣ್ ಪೋರ್ಟಲಿನ ಸಂಖ್ಯೆ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ಫಾರಂ. ಕಂಪನಿ ಹಣ ಪಡೆಯುವ ಹೊರಗಿನ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಬೇಕು ಎಂದು ನಿಯಮವಿದೆ. ಮೋಸದ ಸಂಸ್ಥೆಗಳನ್ನು ತಡೆಯಲು ಇವು ಬೇಕು, ಒಪ್ಪಿದೆ. ಆದರೆ ಮೂರು ವರ್ಷ ಹಣವಿಲ್ಲದೆ ಕೆಲಸ ಮಾಡಿ ತೋರಿಸು, ಆಮೇಲೆ ಹಣ ಕೇಳು ಎಂದರೆ ಕೂಲಿಯಿಂದ ಬದುಕುವವರು ಹೇಗೆ ಮಾಡಿಯಾರು? ಆ ಹೊಸಕೋಟೆಯ ಸಂಘಕ್ಕೆ ಆಡಿಟ್‌ಗೆ, ಹಾಸನಕ್ಕೆ ಓಡಾಡಲು ಆಗುವ ಖರ್ಚು ಪಾಠದ ಖರ್ಚಿಗಿಂತ ಹೆಚ್ಚು.

ಇಷ್ಟಾದ ಮೇಲೆ ಅಸಲು ಸ್ಪರ್ಧೆ. ಟ್ರಸ್ಟ್ ಪ್ರಕಟಣೆ ಹೊರಡಿಸುತ್ತದೆ, ಎರಡು ಪುಟದ ಟಿಪ್ಪಣಿ ಕೇಳುತ್ತದೆ, ಅದರಲ್ಲಿ ಆಯ್ದವರಿಂದ ಪೂರ್ಣ ಪ್ರಸ್ತಾವನೆ, ಬಜೆಟ್, ಕಾಗದಪತ್ರ ಪರಿಶೀಲನೆ, ಆಮೇಲೆ ಸಮಿತಿ. ನಾನು ಕೂತಿದ್ದ ಒಂದು ಸಮಿತಿಯಲ್ಲಿ ಅಗತ್ಯಕ್ಕೆ 20, ಯೋಜನೆಯ ರೂಪಕ್ಕೆ 30, ಸಂಸ್ಥೆಯ ಸಾಮರ್ಥ್ಯಕ್ಕೆ 25, ಬಜೆಟ್ಟಿಗೆ 15, ಮುಂದೆ ಕೆಲಸ ಉಳಿಯುವ ಸಾಧ್ಯತೆಗೆ 10 ಅಂಕ. ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಬಿಡಿಸಿ ನೋಡಿದರೆ ನೂರರಲ್ಲಿ ಎಪ್ಪತ್ತು ಅಂಕ, ಅಂದರೆ ರೂಪ, ಸಾಮರ್ಥ್ಯ, ಬಜೆಟ್ ಮೂರೂ, ಬರೆಯುವವನ ಕೈಯಲ್ಲಿ ಇರುವಂಥವು. ಅಂದು ನಲವತ್ತೆರಡು ಅರ್ಜಿ ಓದಿದೆವು, ಒಂದು ಊರನ್ನೂ ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಮೊದಲ ಹತ್ತು ಹೆಸರು ತೀರ್ಮಾನವಾಗಿತ್ತು. ಹತ್ತರಲ್ಲಿ ಎಂಟು ನಗರದಲ್ಲಿ ಕಚೇರಿ ಇರುವ ಸಂಸ್ಥೆಗಳು. ಅವು ಕೆಟ್ಟ ಸಂಸ್ಥೆಗಳಲ್ಲ. ಪ್ರಸ್ತಾವನೆ ಬರೆಯಲೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿದ್ದವು, ಅಷ್ಟೇ. ಅಂದು ಸುಮ್ಮನಿದ್ದೆ ಎಂಬುದು ಇಂದಿಗೂ ಚುಚ್ಚುತ್ತದೆ.

ಇದನ್ನು ಬೇರೆ ರೀತಿ ಮಾಡಬಹುದು ಎಂಬುದಕ್ಕೆ ನಮ್ಮ ಸುತ್ತಲೇ ಉದಾಹರಣೆಗಳಿವೆ. ಈ ಗುಡ್ಡಗಳಿಗೆ ಅತಿ ಹತ್ತಿರದ್ದು ಕ್ರಿಟಿಕಲ್ ಎಕೋಸಿಸ್ಟಂ ಪಾರ್ಟ್‌ನರ್‌ಶಿಪ್ ಫಂಡಿನದು. 2000ದಲ್ಲಿ ಶುರುವಾಗಿ, ವಿಶ್ವಬ್ಯಾಂಕ್, ಜಪಾನ್ ಸರ್ಕಾರ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ, ಮ್ಯಾಕಾರ್ಥರ್ ಫೌಂಡೇಶನ್ ಮುಂತಾದವುಗಳ ಹಣದಿಂದ ಬೆಳೆದ ನಿಧಿ ಅದು. ಪಶ್ಚಿಮ ಘಟ್ಟಕ್ಕೆ 2008ರಿಂದ 2015ರವರೆಗೆ ಸುಮಾರು 60 ಲಕ್ಷ ಡಾಲರ್ ಕೊಟ್ಟಿತು. ಘಟ್ಟವನ್ನು ಐದು ಕಾರಿಡಾರ್‌ಗಳಾಗಿ ಗುರುತಿಸಿತ್ತು. ಅದರಲ್ಲಿ ಒಂದು ಮಲೆನಾಡು-ಕೊಡಗು. ಕುದುರೆಮುಖಕ್ಕೂ ಪುಷ್ಪಗಿರಿಗೂ ನಡುವಿನ ಬಿಸಿಲೆಯ ಕಾಡು ಇರುವುದು ಈ ಪಟ್ಟಿಯಲ್ಲೇ. ದೊಡ್ಡ ಮೊತ್ತದ ಅರ್ಜಿಗಳು ಅಮೆರಿಕಕ್ಕೆ ಹೋಗುತ್ತಿದ್ದವು. 20 ಸಾವಿರ ಡಾಲರ್‌ವರೆಗಿನ ಸಣ್ಣ ಅನುದಾನವನ್ನು ಮಾತ್ರ ಬೆಂಗಳೂರಿನ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯೇ ಆರಿಸಿ ಕೊಡುತ್ತಿತ್ತು.

ಈ ಏರ್ಪಾಡಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ನಡುವಿನ ಸಂಸ್ಥೆ. ಅಮೆರಿಕದಲ್ಲಿ ಕೂತವರಿಗೆ ಬಿಸಿಲೆ ಎಂದರೆ ನಕ್ಷೆಯ ಒಂದು ಚುಕ್ಕಿ. ಬೆಂಗಳೂರಿನ ಸಂಶೋಧಕರಿಗೆ ಯಾವ ಹೊಳೆ ಎಲ್ಲಿ ಇಳಿಯುತ್ತದೆ, ಯಾವ ಸಂಘ ನಿಜಕ್ಕೂ ಕಾಡಿಗೆ ಹೋಗುತ್ತದೆ, ಯಾವುದು ಪೇಪರಿನಲ್ಲಿ ಮಾತ್ರ ಇದೆ ಎಂದು ಗೊತ್ತು. ದೊಡ್ಡ ಹಣವನ್ನು ಸಣ್ಣ ಪಾಲು ಮಾಡಿ, ಲೆಕ್ಕದ ಭಾರವನ್ನು ತಾನು ಹೊತ್ತು, ಹಳ್ಳಿಯ ಸಂಘಕ್ಕೆ ತಲುಪಿಸುವ ಇಂಥ ಕೊಂಡಿಯೇ ಸಣ್ಣವರನ್ನು ಸ್ಪರ್ಧೆಯೊಳಗೆ ತರುವುದು.

ಆ ಕೊಂಡಿಯನ್ನು ಕಾನೂನು ಕಡಿದಿದೆ. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾಯಿತು. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ, ಅದಕ್ಕೂ ನೋಂದಣಿ ಇದ್ದರೂ, ವರ್ಗಾಯಿಸುವಂತಿಲ್ಲ ಎಂದಾಯಿತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ವಿದೇಶದ ಹಣ ಬರಬೇಕಾದರೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ಲೆಕ್ಕಕ್ಕೆ ಸಿಗದೆ ಕೈಬದಲಾಗುವ ಹಣವನ್ನು ಹಿಡಿಯುವುದು ಸರ್ಕಾರದ ಉದ್ದೇಶವಿರಬಹುದು. ಆದರೆ ಏಟ್ರೀ 2008ರಿಂದ ಮಾಡಿದಂಥ ಕೆಲಸ, ಅಂದರೆ ವಿದೇಶಿ ನಿಧಿಯನ್ನು ಸ್ಥಳೀಯ ಸಂಘಗಳಿಗೆ ಅನುದಾನವಾಗಿ ಹಂಚುವುದು, ಇಂದು ಸಾಧ್ಯವೇ ಇಲ್ಲ. ದೊಡ್ಡ ಸಂಸ್ಥೆ ತಾನೇ ಹಳ್ಳಿಗೆ ಬಂದು ಕೆಲಸ ಮಾಡಬೇಕು, ಇಲ್ಲವೇ ಬಿಡಬೇಕು. ಸಣ್ಣ ಸಂಘದವರು ಅದರ ಸಂಬಳದವರಾಗಬಹುದು. ತಮ್ಮ ಹೆಸರಿನಲ್ಲಿ ಅನುದಾನ ಪಡೆಯುವಂತಿಲ್ಲ. ಇದರ ನಷ್ಟ ಎಷ್ಟೆಂದು ಯಾವ ಆಡಿಟ್ ವರದಿಯಲ್ಲೂ ಬರುವುದಿಲ್ಲ. ಹಾಗಾಗಿ ಇನ್ನು ಈ ಕೆಲಸ ಮಾಡಬೇಕಾದವರು ನಮ್ಮ ದೇಶದ ದಾನಿಗಳೇ.

ನಮ್ಮ ದಾನಿಗಳಿಗೆ ಶಕ್ತಿ ಇಲ್ಲವೆಂದಲ್ಲ. ಅಜೀಂ ಪ್ರೇಮ್‌ಜಿಯವರು 2019ರ ಮಾರ್ಚ್ ಹೊತ್ತಿಗೆ ತಮ್ಮ ಫೌಂಡೇಶನ್ನಿಗೆ ಮುಡಿಪಿಟ್ಟ ಸಂಪತ್ತಿನ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ. ದುಡ್ಡು ಇದೆ. ಅದು ಗುಡ್ಡ ಹತ್ತುವ ದಾರಿ ಸಪೂರವಾಗಿದೆ.

ಅರ್ಜಿಯ ಭಾಷೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಮಾದರಿಯಾಗಿ ಕಾಣುವುದು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಅಂದರೆ ಐಎಫ್ಎ. 1993ರಲ್ಲಿ ಹುಟ್ಟಿ 1995ರಿಂದ ಅನುದಾನ ಕೊಡುತ್ತಿರುವ ಸಂಸ್ಥೆ ಇದು. ಕರ್ನಾಟಕದ ಶಾಲೆಗಳಿಗಾಗಿ ಇದರ ‘ಕಲಿ-ಕಲಿಸು’ ಎಂಬ ಕಾರ್ಯಕ್ರಮವಿದೆ. ಸರ್ಕಾರಿ ಶಾಲೆಯ ಶಿಕ್ಷಕರು, ಕಲಾವಿದರು ತಮ್ಮ ಊರಿನ ಕಲೆ, ಕಥೆ, ಕಸುಬುಗಳನ್ನು ತರಗತಿಯೊಳಗೆ ತರುವ ಯೋಜನೆ ಬರೆದು ಕಳಿಸಬಹುದು. ಇಂಗ್ಲಿಷಿನಲ್ಲೇ ಬರೆಯಬೇಕಿಲ್ಲ, ಯಾವುದೇ ಭಾರತೀಯ ಭಾಷೆಯಲ್ಲಿ ಬರೆದ ಅರ್ಜಿಯನ್ನೂ ಐಎಫ್ಎ ತೆಗೆದುಕೊಳ್ಳುತ್ತದೆ. ಅರ್ಜಿ ಬಂದ ಮೇಲೆ ಸಂಸ್ಥೆಯವರು ಶಿಕ್ಷಕರ ಜೊತೆ ಮಾತಾಡಿ, ಪ್ರಶ್ನೆ ಕೇಳಿ, ಯೋಜನೆಯನ್ನು ತಿದ್ದಿಸುತ್ತಾರೆ. ಕೊನೆಯ ತೀರ್ಮಾನಕ್ಕೆ ಹೊರಗಿನ ಪರಿಣತರೂ ಬರುತ್ತಾರೆ.

ಇದು ಸಣ್ಣ ವ್ಯತ್ಯಾಸದ ಹಾಗೆ ಕಾಣಬಹುದು. ಹಳ್ಳಿ ಶಾಲೆಯ ಮೇಷ್ಟ್ರೊಬ್ಬರ ಜಾಗದಲ್ಲಿ ನಿಂತು ನೋಡಿ. ಕನ್ನಡದಲ್ಲಿ ಬರೆಯುವಾಗ ಅವರು ತಮ್ಮ ಮಕ್ಕಳ ಬಗ್ಗೆ ಬರೆಯುತ್ತಾರೆ: ಯಾರ ಅಜ್ಜನಿಗೆ ಸುಗ್ಗಿ ಕುಣಿತ ಗೊತ್ತು, ಯಾವ ಮಗು ಮಾತಾಡುವುದಿಲ್ಲ ಆದರೆ ತಮಟೆ ಕೇಳಿದರೆ ಎದ್ದು ನಿಲ್ಲುತ್ತದೆ ಎಂದು. ಇಂಗ್ಲಿಷಿನಲ್ಲಿ ಬರೆಯಬೇಕೆಂದರೆ ಅವರು ಹಿಂದಿನ ವರ್ಷ ಪಾಸಾದ ಯಾರದ್ದೋ ಪ್ರಸ್ತಾವನೆಯನ್ನು ಹುಡುಕಿ ಅದರ ಪದಗಳನ್ನು ಕೂಡಿಸುತ್ತಾರೆ. ಓದುವವನಿಗೆ ಮಕ್ಕಳು ಕಾಣುವುದೇ ಇಲ್ಲ. ವೇಲ್ಸ್‌ನಲ್ಲಿ ಲಾಟರಿ ಹಣದ ಅನುದಾನಕ್ಕೆ ವೆಲ್ಷ್ ಭಾಷೆಯಲ್ಲೇ ಅರ್ಜಿ ಹಾಕಬಹುದು. ಅದನ್ನಾಡುವವರು ನಮ್ಮ ಒಂದು ಜಿಲ್ಲೆಯ ಜನಸಂಖ್ಯೆಗಿಂತ ಕಡಿಮೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನಡೆಸುವ ಜಾಗತಿಕ ಪರಿಸರ ನಿಧಿಯ (ಜಿಇಎಫ್) ಸಣ್ಣ ಅನುದಾನ ಯೋಜನೆ ಭಾರತದಲ್ಲಿ 1996ರಿಂದ ಇದೆ. ಓದುಬರಹ ಬಾರದ ಸಮುದಾಯಗಳಿಂದ ವಿಡಿಯೋ, ಫೋಟೊ ರೂಪದ ಪ್ರಸ್ತಾವನೆಗಳನ್ನೂ ಅದು ಹಲವು ದೇಶಗಳಲ್ಲಿ ಒಪ್ಪಿದೆ. ಅಂಥ ಅವಕಾಶ ಇದ್ದಿದ್ದರೆ ಆ ಜುಲೈ ಸಂಜೆ ನಾನು ಐನೂರು ಪದ ಹೆಣೆಯಬೇಕಿರಲಿಲ್ಲ. ಮೊಬೈಲ್ ಹಿಡಿದು “ಹೇಳಿ ಅಕ್ಕ” ಅಂದಿದ್ದರೆ ಸಾಕಿತ್ತು.

ಇನ್ನೊಂದು ವಿಷಯ ದೂರದಲ್ಲಿ ಕೂತವರಿಗೆ ಹೊಳೆಯುವುದೇ ಇಲ್ಲ. ಅದು ಕ್ಯಾಲೆಂಡರ್. ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಡೆಯುತ್ತಿರುವ ಯೋಜನೆಗೆ ಖರ್ಚಾಗದೆ ಉಳಿದ ಹಣವನ್ನು ಮೂವತ್ತು ದಿನದೊಳಗೆ ಬೇರೆ ಖಾತೆಗೆ ಹಾಕಬೇಕು. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ಫೋನ್ ಬರುತ್ತದೆ: ಬೇಗ ಬಿಲ್ ಕಳಿಸಿ, ಬೇಗ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕಳಿಸಿ. ನಮ್ಮ ಕಡೆ ಅದು ಯಾವ ಕಾಲ? ನವೆಂಬರಿನಲ್ಲಿ ಅರೇಬಿಕಾ ಕುಯ್ಲು ಹಿಡಿದರೆ ಜನವರಿವರೆಗೆ, ಅದರ ಬೆನ್ನಿಗೆ ರೊಬಸ್ಟಾ ಮಾರ್ಚ್‌ವರೆಗೆ. ಸಂಘದ ಹೆಂಗಸರು ಬೆಳಿಗ್ಗೆ ಎಂಟಕ್ಕೆ ತೋಟ ಸೇರಿದರೆ ಬರುವುದು ಸಂಜೆ. ವರ್ಷದ ಸಂಪಾದನೆಯ ದೊಡ್ಡ ಪಾಲು ಆ ಐದು ತಿಂಗಳಲ್ಲಿ. ಅರ್ಜಿಯ ಪ್ರಕಟಣೆ ಬರುವುದು ಜೂನ್, ಜುಲೈಯಲ್ಲಿ. ಆಗ ಇಲ್ಲಿ ರಸ್ತೆ ಇರುವುದಿಲ್ಲ, ಕರೆಂಟ್ ಇರುವುದಿಲ್ಲ. ಸ್ಥಳ ನೋಡಲು ಬರುತ್ತೇವೆಂದು ಆಗಸ್ಟಿನಲ್ಲಿ ದಿನ ಕೊಟ್ಟವರು ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದ ಸುದ್ದಿ ಕೇಳಿ ರದ್ದು ಮಾಡುತ್ತಾರೆ. ಮತ್ತೆ ದಿನ ಕೊಡುವುದಿಲ್ಲ. ‘ಭೇಟಿ ಸಾಧ್ಯವಾಗಲಿಲ್ಲ’ ಎಂದು ಬರೆದ ಮೇಲೆ ಅಂಕ ಎಲ್ಲಿಂದ ಬಂದೀತು? ಬಯಲುಸೀಮೆಯ ಸಂಸ್ಥೆಗೆ ಇಲ್ಲದ ಈ ನಷ್ಟವನ್ನು ನಮ್ಮ ಸಂಘಗಳು ಪ್ರತಿವರ್ಷ ಕಟ್ಟುತ್ತಿವೆ.

ಬಜೆಟ್ಟಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಸಿಎಸ್‌ಆರ್ ನಿಯಮದಲ್ಲಿ ಆಡಳಿತ ವೆಚ್ಚ ಶೇ. 5 ಮೀರಬಾರದು ಎಂದಿದೆ. ಎಷ್ಟೋ ದಾನಿಗಳು ಅದನ್ನೇ ಹಿಡಿದು ಸಂಘದವರಿಗೆ ಹೇಳುತ್ತಾರೆ: ನಿಮ್ಮ ಲೆಕ್ಕಬರೆಯುವವರ ಸಂಬಳ, ಬಾಡಿಗೆ, ಓಡಾಟ ಎಲ್ಲ ಸೇರಿ ಐದು ಪರ್ಸೆಂಟ್ ಒಳಗಿರಲಿ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗಕ್ಕೆ ಮಾಡಿಕೊಳ್ಳುವ ಖರ್ಚಿಗೆ. ಕೆಲಸ ಮಾಡುವ ಸಂಸ್ಥೆಯ ನಿರ್ವಹಣಾ ವೆಚ್ಚ ಆ ಲೆಕ್ಕದಲ್ಲಿ ಬರುವುದಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟಿನಲ್ಲೇ ಸ್ಪಷ್ಟಪಡಿಸಿದೆ. ಇದನ್ನು ಓದುವ ಸಂಘದವರು ಆ ಸುತ್ತೋಲೆಯ ಒಂದು ಪ್ರತಿ ಇಟ್ಟುಕೊಳ್ಳಿ. ಮುಂದಿನ ಮಾತುಕತೆಗೆ ಕೊಂಡೊಯ್ಯಿರಿ. ಸಂಜೆ ಪಾಠದಲ್ಲಿ ಸ್ಲೇಟಿಗೆ, ಸೋಲಾರ್ ದೀಪಕ್ಕೆ ದುಡ್ಡು ಕೊಡುತ್ತೇವೆ, ಪಾಠ ಹೇಳುವವಳಿಗೆ ಕೊಡುವುದಿಲ್ಲ ಎಂದರೆ ಆ ದಾನಿ ಪಾಠಕ್ಕೆ ದುಡ್ಡು ಕೊಟ್ಟಿಲ್ಲ ಎಂದೇ ಅರ್ಥ.

ಫಲಿತಾಂಶ ಅಳೆಯುವುದು ಇನ್ನೂ ಕಷ್ಟ. ಈ ಸೀಮೆಯ ಆನೆಯ ಕಥೆಯನ್ನೇ ತೆಗೆದುಕೊಳ್ಳೋಣ. ಗೊರೂರಿನ ಹೇಮಾವತಿ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಮುಳುಗಿದ ಊರುಗಳ ಜನರಿಗೆ ಬೇರೆ ನೆಲ ಬೇಕಾಯಿತು, ಕಾಡು ತುಂಡಾಯಿತು. ಆನೆಗಳು ತೋಟ, ಗದ್ದೆಗಳ ನಡುವೆಯೇ ಉಳಿದವು. ಹೈಕೋರ್ಟಿನ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ, ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ, 2012ರಲ್ಲಿ ವರದಿ ಕೊಟ್ಟಿತು. ಆಲೂರು-ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಬೇರೆಡೆ ಬಿಡಬೇಕೆಂದು ಅದು ಹೇಳಿತು. 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದರು. ಆಮೇಲೂ ಆನೆಗಳು ಬಂದವು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬೇರೆ ದಾರಿ ಹಿಡಿಯಿತು: ಆನೆ ಎಲ್ಲಿದೆ ಎಂದು ಮೊಬೈಲಿಗೆ ಕನ್ನಡದಲ್ಲಿ ಸಂದೇಶ, ಧ್ವನಿ ಕರೆ, ರಸ್ತೆ ಬದಿಯಲ್ಲಿ ಎಚ್ಚರಿಕೆಯ ದೀಪ. ತಮಿಳುನಾಡಿನ ವಾಲ್ಪಾರೈಯಲ್ಲಿ ಇದೇ ಕೆಲಸಕ್ಕಾಗಿ ಆ ಸಂಸ್ಥೆಯ ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂದಿತ್ತು.

ಇಂಥ ಕೆಲಸದ ಫಲಿತಾಂಶ ಎಂದರೆ ಏನು? ಒಬ್ಬ ಕೂಲಿಯವ ಸಂಜೆ ಸಂದೇಶ ನೋಡಿ ಹತ್ತು ನಿಮಿಷ ಅಂಗಡಿಯಲ್ಲೇ ಕೂತ, ಆನೆ ರಸ್ತೆ ದಾಟಿತು, ಆತ ಮನೆಗೆ ಹೋದ. ವರದಿಯಲ್ಲಿ ಬರೆಯಲು ಏನೂ ನಡೆದಿಲ್ಲ. ನಡೆಯದೇ ಇದ್ದದ್ದೇ ಯಶಸ್ಸು. ಆದರೆ ಅನುದಾನದ ತ್ರೈಮಾಸಿಕ ಫಾರಂ ಕೇಳುವುದು ‘ಫಲಾನುಭವಿಗಳ ಸಂಖ್ಯೆ’, ‘ಎಷ್ಟು ತರಬೇತಿ’, ‘ಎಷ್ಟು ಕಿಟ್ ವಿತರಣೆ’. ಕಿಟ್ ಹಂಚಿದ ಸಂಸ್ಥೆಯ ವರದಿ ದಪ್ಪವಾಗುತ್ತದೆ, ಮುಂದಿನ ಬಾರಿ ಅಂಕವೂ ಹೆಚ್ಚುತ್ತದೆ. ನಮ್ಮ ಹೊಸಕೋಟೆಯ ಸಂಘವೂ ಹಾಗೆಯೇ. ಶಾಲೆ ಬಿಡದೆ ಉಳಿದ ಮಕ್ಕಳನ್ನು ಎಣಿಸಲು ಒಂದೇ ವರ್ಷ ಸಾಲದು. ಅದಕ್ಕೇ ಒಂದು ವರ್ಷದ ಅನುದಾನಗಳ ಬಗ್ಗೆ ನನಗೆ ಅಸಮಾಧಾನ. ಮೊದಲ ವರ್ಷ ಜನರ ನಂಬಿಕೆ ಗಳಿಸುವುದರಲ್ಲಿ ಕಳೆಯುತ್ತದೆ. ಎರಡನೆಯ ವರ್ಷ ಕೆಲಸ ಹಿಡಿಯುವ ಹೊತ್ತಿಗೆ ಮತ್ತೆ ಅರ್ಜಿ, ಮತ್ತೆ ಸ್ಪರ್ಧೆ.

ಇಷ್ಟು ಹೇಳಿ ಸ್ಪರ್ಧೆಯ ಹೊರಗೆ ನಡೆಯುವ ಕೆಲವು ಕ್ರಮಗಳನ್ನು ಬಿಟ್ಟರೆ ಸಮೀಕ್ಷೆ ಅರೆಯಾಗುತ್ತದೆ. 1982ರಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ನಮ್ಮ ಊರುಗಳಲ್ಲಿ ಧರ್ಮಸ್ಥಳ ಸಂಘ ಎಂದೇ ಕರೆಯುತ್ತಾರೆ. ಅದರ ‘ನಮ್ಮೂರು ನಮ್ಮ ಕೆರೆ’ ಯೋಜನೆಯಲ್ಲಿ ಊರಿನವರ ಕೆರೆ ಸಮಿತಿ ಮುಂದೆ ನಿಲ್ಲಬೇಕು, ಊರಿನ ಪಾಲೂ ಇರಬೇಕು. ಅಲ್ಲಿ ಪ್ರಸ್ತಾವನೆಯ ಇಂಗ್ಲಿಷಿಗೆ ಅಂಕವಿಲ್ಲ. ಇನ್ನೊಂದು ರೋಟರಿ. ಸಕಲೇಶಪುರದಲ್ಲೂ ಕ್ಲಬ್ ಇದೆ. ರೋಟರಿ ಫೌಂಡೇಶನ್ನಿನ ಗ್ಲೋಬಲ್ ಗ್ರಾಂಟ್ ಬೇಕಾದರೆ ಯೋಜನೆ ಕನಿಷ್ಠ 30 ಸಾವಿರ ಡಾಲರಿನದಾಗಿರಬೇಕು, ಬೇರೆ ದೇಶದ ಒಂದು ಕ್ಲಬ್ ಜೊತೆಗೂಡಬೇಕು, ಊರಿನ ಅಗತ್ಯದ ಸಮೀಕ್ಷೆ ಮೊದಲೇ ಆಗಿರಬೇಕು. ಡಯಾಲಿಸಿಸ್ ಯಂತ್ರಕ್ಕೆ ಅದು ಸರಿ. ಲೈನ್ ಮನೆಯ ಸಂಜೆ ಪಾಠಕ್ಕೆ ತೀರಾ ದೊಡ್ಡದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬಹುದು, ಕನ್ನಡದಲ್ಲೇ. ಆದರೆ ಅದು ಸಾಂಸ್ಕೃತಿಕ ಕೆಲಸಕ್ಕೆ ಮಾತ್ರ.

ಸಂಸ್ಕೃತಿಯ ಮಾತು ಬಂದಾಗ ಸಕಲೇಶಪುರದ ಬೆಳ್ಳೇಕೆರೆಯನ್ನು ನೆನೆಯದೆ ಇರಲಾರೆ. ಪ್ರಸಾದ್ ರಕ್ಷಿದಿಯವರೂ ಜೈ ಕರ್ನಾಟಕ ಸಂಘವೂ ದಶಕಗಳಿಂದ ತೋಟದ ಕಾರ್ಮಿಕರನ್ನು, ಸುತ್ತಲಿನ ರೈತರನ್ನು ಕಟ್ಟಿಕೊಂಡು ಅಲ್ಲಿ ನಾಟಕ ಮಾಡುತ್ತ ಬಂದರು. ಅದರ ಕಥೆ ‘ಬೆಳ್ಳೇಕೆರೆ ಹಳ್ಳಿ ಥೇಟರ್’ ಎಂಬ ಪುಸ್ತಕವಾಗಿದೆ. ಇದನ್ನು ಯಾವ ಅರ್ಜಿಯ ಯಾವ ಕಾಲಂನಲ್ಲಿ ಬರೆಯುವುದು? ಶಿಕ್ಷಣವೋ, ಆರೋಗ್ಯವೋ, ಕಲೆಯೋ, ಕಾರ್ಮಿಕ ಕಲ್ಯಾಣವೋ? ಹಗಲು ಹಣ್ಣು ಕುಯ್ದು ರಾತ್ರಿ ರಂಗದ ಮೇಲೆ ಮಾತಾಡಿದ ಮನುಷ್ಯನಲ್ಲಿ ಆದ ಬದಲಾವಣೆಗೆ ಒಂದು ಕಾಲಂ ಸಾಲದು. ಒಳ್ಳೆಯ ಸ್ಥಳೀಯ ಕೆಲಸ ಹೆಚ್ಚಾಗಿ ಹೀಗೇ ಇರುತ್ತದೆ. ಕಾಲಂ ಹಾಕಿದವರು ಒಮ್ಮೆ ಬಂದು ಕೂತು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗಿನ ಅನುದಾನಕ್ಕೆ ಕನ್ನಡದಲ್ಲಿ ಒಂದೇ ಪುಟದ ಅರ್ಜಿ ಸಾಕು. ಕಾಗದದಲ್ಲಿ ಅಂಕ ಹಾಕುವ ಮೊದಲು ಸ್ಥಳ ನೋಡಬೇಕು, ಆಮೇಲಲ್ಲ. ಸಮಿತಿಯಲ್ಲಿ ಆ ತಾಲ್ಲೂಕಿನವರು ಇಬ್ಬರಾದರೂ ಇರಬೇಕು. ಅರ್ಜಿದಾರರ ನೆಂಟರು, ಪಾಲುದಾರರು ಇದ್ದರೆ ಎದ್ದು ಹೊರಗೆ ಕೂರಬೇಕು. ಯೋಗ್ಯವೆಂದು ಎಲ್ಲರೂ ಒಪ್ಪಿದ ಅರ್ಜಿಗಳು ಹಣಕ್ಕಿಂತ ಹೆಚ್ಚಿದ್ದರೆ ಚೀಟಿ ಎತ್ತುವುದರಲ್ಲಿ ನಾಚಿಕೆಯಿಲ್ಲ. ಬ್ರಿಟಿಷ್ ಅಕಾಡೆಮಿ 2022ರಿಂದ ಸಣ್ಣ ಸಂಶೋಧನಾ ಅನುದಾನಗಳನ್ನು ಹಾಗೆಯೇ ಹಂಚುತ್ತಿದೆ. 71 ಅಂಕಕ್ಕೂ 70 ಅಂಕಕ್ಕೂ ನಡುವೆ ನಿಜವಾದ ವ್ಯತ್ಯಾಸ ಇದೆ ಎಂದು ಸಮಿತಿಯಲ್ಲಿ ಕೂತ ಯಾರೂ ಎದೆ ಮುಟ್ಟಿ ಹೇಳಲಾರರು. ಕೊಟ್ಟರೆ ಮೂರು ವರ್ಷಕ್ಕೆ ಕೊಡಿ. ಇಲ್ಲ ಎನ್ನುವುದಾದರೆ ಯಾಕೆ ಇಲ್ಲ ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಅರ್ಜಿ ಬರೆಯಲು ಅವರು ಮೂರು ದಿನದ ಕೂಲಿ ಬಿಟ್ಟಿರುತ್ತಾರೆ.

ಹೊಸಕೋಟೆಯ ಆ ಸಂಘ ಪಾಠ ನಿಲ್ಲಿಸಿಲ್ಲ. ಊರಿನ ಇಬ್ಬರು ಬೆಳೆಗಾರರು ದೀಪದ ಖರ್ಚು ನೋಡಿಕೊಳ್ಳುತ್ತಿದ್ದಾರೆ, ಪಾಠ ಹೇಳುವ ಹುಡುಗಿಗೆ ಮಾತ್ರ ಇನ್ನೂ ಸಂಬಳವಿಲ್ಲ. ಅನುದಾನ ಕೊಡುವ ಟ್ರಸ್ಟುಗಳಲ್ಲಿ, ಸಿಎಸ್‌ಆರ್ ಕಚೇರಿಗಳಲ್ಲಿ ಇರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಅಕ್ಟೋಬರ್ ಕೊನೆಯ ವಾರ ಬನ್ನಿ. ಮಳೆ ನಿಂತಿರುತ್ತದೆ, ಕುಯ್ಲು ಇನ್ನೂ ಹಿಡಿದಿರುವುದಿಲ್ಲ, ಸಂಘದವರು ಮನೆಯಲ್ಲಿ ಸಿಗುತ್ತಾರೆ. ಪಾಠ ಸಂಜೆ ಐದೂವರೆಗೆ ಶುರು. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಓಡಾಡುವಂತಿಲ್ಲ, ರಾತ್ರಿ ಅಲ್ಲೇ ಉಳಿಯುವಂತೆ ಬನ್ನಿ.